ಪಂಚಾಂಗ ಹಿಡಿದು ಕಾಂಬೋಡಿಯಕ್ಕೆ

ಹೋಗಿ ಬಂದ ದೇಶಗಳ ವಿಚಾರವಾಗಿ ಮಾತನಾಡುವವರಿಗೆ ರೇಡಿಯೋದಲ್ಲಿ ಎಂದೂ ಕೊರತೆಯಿಲ್ಲ. ಇನ್ನೂ ಹೋಗದಿರುವ ದೇಶದ ಬಗ್ಗೆ ಮಾತನಾಡಲು ಬಂದವನು ಬಹುಶಃ ನಾನೊಬ್ಬನೇ ಇರಬೇಕು. ವಿಮಾನದ ಟಿಕೆಟ್ಟು ಕೊಂಡಿಲ್ಲ; ಪೆಟ್ಟಿಗೆ ಅಟ್ಟದಿಂದ ಇಳಿದಿಲ್ಲ. ಆದರೆ ಕಳೆದ ನಾಲ್ಕು ತಿಂಗಳಿಂದ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಭೂಪಟ, ಒಂದು ಒಂಟಿಕೊಪ್ಪಲು ಪಂಚಾಂಗ, ನೂರು ಪುಟದ ಒಂದು ಲೆಕ್ಕದ ಪುಸ್ತಕ ಬಿಡಾರ ಹೂಡಿವೆ. ಊಟದ ತಟ್ಟೆಗಳನ್ನು ಅವುಗಳ ಅನುಮತಿ ಪಡೆದು ಇಡಬೇಕಾಗಿದೆ. ಎಪ್ಪತ್ತರ ಅಂಚಿನಲ್ಲಿರುವ ನಾವಿಬ್ಬರು ನಮ್ಮ ಬಾಳಿನ ಮೊದಲನೆಯ, ಪ್ರಾಯಶಃ ಕಡೆಯ ವಿದೇಶಯಾತ್ರೆಯ ಲೆಕ್ಕ ಹಾಕುತ್ತಿದ್ದೇವೆ. ಹೋಗಬೇಕೆಂದಿರುವುದು ಕಾಂಬೋಡಿಯಕ್ಕೆ.

ಕೇಳಿದವರೆಲ್ಲ ಹುಬ್ಬೇರಿಸಿದರು. ನಮ್ಮ ನೆರೆಯವರು ಮಗಳನ್ನು ನೋಡುವ ನೆಪದಲ್ಲಿ ಅಮೆರಿಕಕ್ಕೆ ಹೋಗುತ್ತಾರೆ. ಎದುರುಮನೆಯವರು ಸಿಂಗಪುರಕ್ಕೆ ಹೋಗಿ ಬಂದು ಅಲ್ಲಿಯ ಬೀದಿಗಳ ಶುಚಿತ್ವವನ್ನು ಇಂದಿಗೂ ಹೊಗಳುತ್ತಾರೆ. ಕಾಂಬೋಡಿಯಕ್ಕೆ ಯಾರ ಮಗಳನ್ನೂ ಮದುವೆ ಮಾಡಿಕೊಟ್ಟಿಲ್ಲ. ಹಾಗಾದರೆ ಅಲ್ಲೇಕೆ? ಇದಕ್ಕೆ ಉತ್ತರ ಒಂದು ಕಲ್ಲಿನ ಮೂರ್ತಿ. ಅದರ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ರನ್ನನ ಗದಾಯುದ್ಧವನ್ನು ಪಾಠ ಮಾಡಿದವನು. ಭೀಮನನ್ನು ನಾಯಕನನ್ನಾಗಿ ಮಾಡಲು ಹೊರಟ ಕವಿ ಕಡೆಗೆ ದುರ್ಯೋಧನನಿಗೆ ಮನಸೋತದ್ದು ಹೇಗೆ ಎಂಬ ಪ್ರಶ್ನೆಯನ್ನು ಪ್ರತಿ ವರ್ಷವೂ ಕೇಳಿ, ಪ್ರತಿ ವರ್ಷವೂ ಒಂದೇ ಉತ್ತರವನ್ನು ಓದಿ ಅಂಕ ಕೊಟ್ಟಿದ್ದೇನೆ. ನಿವೃತ್ತನಾದ ಮೇಲೆ ಒಂದು ದಿನ ಪತ್ರಿಕೆಯೊಂದರಲ್ಲಿ ಒಂದು ಚಿತ್ರ ಕಂಡೆ. ಹತ್ತನೆಯ ಶತಮಾನದ ಮರಳುಗಲ್ಲಿನ ಮೂರ್ತಿ, ಹೆಚ್ಚುಕಡಿಮೆ ಆಳೆತ್ತರದ್ದು. ಕಿರೀಟವಿದೆ, ಉಡಿಗೆಯ ನೆರಿಗೆಗಳಿವೆ. ಮೊಣಕಾಲು ಬಾಗಿಸಿ ಈಗಲೋ ಆಗಲೋ ನೆಗೆಯಲಿರುವ ಭಂಗಿ. ಆದರೆ ಪಾದಗಳಿಲ್ಲ. ಕೆಳಗೆ ಬರೆದಿತ್ತು: ದುರ್ಯೋಧನ.

ಈ ದುರ್ಯೋಧನ ನಿಂತಿದ್ದುದು ಕಾಂಬೋಡಿಯದ ಉತ್ತರ ಭಾಗದ ಕೊಹ್ ಕೆರ್ ಎಂಬಲ್ಲಿ. 928ರಿಂದ 944ರವರೆಗೆ ಅದು ಖ್ಮೇರ್ ಜನರ ರಾಜಧಾನಿ. ಅದನ್ನು ರಾಜಧಾನಿ ಮಾಡಿಕೊಂಡವನು ನಾಲ್ಕನೆಯ ಜಯವರ್ಮ. ಅಲ್ಲಿಯ ಪ್ರಾಸಾತ್ ಚೆನ್ ಎಂಬ ದೇವಾಲಯದಲ್ಲಿ ಶಿಲ್ಪಿಗಳು ಗದಾಯುದ್ಧದ ಇಡೀ ಪ್ರಸಂಗವನ್ನೇ ಬಿಡಿ ಮೂರ್ತಿಗಳಾಗಿ ಕಡೆದು ನಿಲ್ಲಿಸಿದ್ದರು. ನಡುವೆ ಭೀಮ ದುರ್ಯೋಧನರು; ಸುತ್ತ ಕುಳಿತು ನೋಡುವ ಪಾಂಡವರು, ಕೃಷ್ಣ, ಇಬ್ಬರಿಗೂ ಗದಾವಿದ್ಯೆ ಕಲಿಸಿದ ಬಲರಾಮ. ನಮ್ಮ ರನ್ನ ತನ್ನ ಕಾವ್ಯವನ್ನು ಬರೆದದ್ದು ಅದೇ ಶತಮಾನದ ಕೊನೆಯ ಭಾಗದಲ್ಲಿ. ಒಬ್ಬರ ಹೆಸರನ್ನೊಬ್ಬರು ಕೇಳಿರಲಾರದ ಒಬ್ಬ ಕವಿ, ಕೆಲವು ಕಲ್ಕುಟಿಗರು, ಕಡಲಿನ ಎರಡು ಕಡೆಗಳಲ್ಲಿ, ಐವತ್ತು ಅರವತ್ತು ವರ್ಷಗಳ ಅಂತರದಲ್ಲಿ, ಮಹಾಭಾರತದಂಥ ಮಹಾಸಾಗರದಿಂದ ಅದೇ ಒಂದು ಗಳಿಗೆಯನ್ನು ಮೊಗೆದುಕೊಂಡರೆಂಬುದು ನನ್ನನ್ನು ಕೆಲವು ದಿನ ನಿದ್ದೆಗೆಡಿಸಿತು.

1970ರ ದಶಕದ ಆರಂಭದಲ್ಲಿ, ಅಂತರ್ಯುದ್ಧದ ಗೊಂದಲದಲ್ಲಿ, ಕಳ್ಳರು ಈ ಮೂರ್ತಿಗಳನ್ನು ಕಣಕಾಲಿನ ಬಳಿ ಮುರಿದು ಸಾಗಿಸಿದರು. ಪಾದಗಳು ಪೀಠದಲ್ಲಿಯೇ ಉಳಿದವು. ದುರ್ಯೋಧನ ದೇಶಾಂತರ ಸುತ್ತಿ, 2011ರಲ್ಲಿ ನ್ಯೂಯಾರ್ಕಿನ ಒಂದು ಹರಾಜು ಮನೆಯ ಪಟ್ಟಿಯಲ್ಲಿ ಕಾಣಿಸಿಕೊಂಡ. ಆತನಿಗೆ ಕಟ್ಟಿದ್ದ ಬೆಲೆ ಇಪ್ಪತ್ತು ಮೂವತ್ತು ಲಕ್ಷ ಡಾಲರು. ಆದರೆ ಕಾಡಿನ ಪೀಠದಲ್ಲಿ ಉಳಿದಿದ್ದ ಪಾದಗಳೇ ಸಾಕ್ಷಿ ಹೇಳಿದವು; ಮುರಿದ ಭಾಗಕ್ಕೆ ಮುರಿದ ಭಾಗ ಕೂಡಿತು. ಕಾಂಬೋಡಿಯ ಕೇಳಿತು, ಅಮೆರಿಕದ ಸರಕಾರವೇ ದಾವೆ ಹೂಡಿತು, 2013ರ ಡಿಸೆಂಬರಿನಲ್ಲಿ ರಾಜಿಯಾಯಿತು. 2014ರಲ್ಲಿ ದುರ್ಯೋಧನ ಮನೆಗೆ ಮರಳಿದ. ಅದೇ ವರ್ಷ ಕ್ಯಾಲಿಫೋರ್ನಿಯದ ಒಂದು ವಸ್ತುಸಂಗ್ರಹಾಲಯದಲ್ಲಿದ್ದ ಭೀಮನೂ ಮರಳಿದ. ಕುಳಿತು ನೋಡುವ ಮೂರ್ತಿಗಳಲ್ಲಿ ಎರಡು ಅದಕ್ಕೂ ಒಂದು ವರ್ಷ ಮೊದಲೇ ನ್ಯೂಯಾರ್ಕಿನಿಂದ ಬಂದಿದ್ದವು. ಕುರುಕ್ಷೇತ್ರದಲ್ಲಿ ತೊಡೆ ಮುರಿಸಿಕೊಂಡವನು ಕೊಹ್ ಕೆರ್‌ನಲ್ಲಿ ಪಾದ ಮುರಿಸಿಕೊಂಡ. ಇದನ್ನು ಓದಿದ ರಾತ್ರಿ ನಾನು ನನ್ನ ಹೆಂಡತಿಗೆ ಹೇಳಿದೆ: “ಈತನನ್ನು ಒಂದು ಸಲ ನೋಡಬೇಕು ಕಣೆ.” ಆಕೆ ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿದ್ದವಳು, ಯಾವ ಉತ್ಸಾಹವನ್ನಾದರೂ ಕೂಡಲೇ ವೇಳಾಪಟ್ಟಿಯನ್ನಾಗಿ ಮಾಡುವುದು ಅವಳಿಗೆ ಅಭ್ಯಾಸ. ಮರುದಿನವೇ ಲೆಕ್ಕದ ಪುಸ್ತಕ ಬಂತು.

ಮೊದಲ ಪ್ರಶ್ನೆ, ಯಾವಾಗ ಹೋಗುವುದು. ನಮ್ಮವರಿಗೆ ರಜೆಯೆಂದರೆ ಬೇಸಗೆ, ಇಲ್ಲವೇ ದಸರ. ಕಾಂಬೋಡಿಯಕ್ಕೆ ಎರಡೂ ಹೊಂದುವುದಿಲ್ಲ. ಮಾರ್ಚಿಯಿಂದ ಮೇ ತನಕ ಅಲ್ಲಿ ಸುಡುಬಿಸಿಲು. ದೇವಾಲಯಗಳ ಮರಳುಗಲ್ಲು ಹೆಂಚಿನಂತೆ ಕಾಯುತ್ತದೆ. ಏಪ್ರಿಲ್ ನಡುವಿನಲ್ಲಿ, ನಮ್ಮ ಸೌರಮಾನ ಯುಗಾದಿಯ ದಿನಗಳಲ್ಲಿಯೇ, ಅವರಿಗೂ ಹೊಸ ವರ್ಷ. ಊರೆಲ್ಲ ಊರಿಗೆ ಹೊರಡುವ ಕಾಲ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ. ಮಿಕ್ಕದ್ದು ನವೆಂಬರಿನಿಂದ ಫೆಬ್ರವರಿ. ಮಳೆ ನಿಂತಿರುತ್ತದೆ, ಕಂದಕಗಳಲ್ಲಿ ನೀರಿರುತ್ತದೆ, ಬೆಳಗಿನ ಹೊತ್ತು ತಂಪಿರುತ್ತದೆ. ನಿವೃತ್ತರಿಗೆ ಇರುವ ಒಂದೇ ಐಶ್ವರ್ಯವೆಂದರೆ ಹೆಡ್‌ಮಾಸ್ತರರ ರಜಾಪಟ್ಟಿಗೆ ಕಾಯಬೇಕಾಗಿಲ್ಲದಿರುವುದು.

ಇಲ್ಲಿಯೇ ಪಂಚಾಂಗ ನಮ್ಮ ಕೈಗೆ ಬಂದದ್ದು. ಖ್ಮೇರ್ ತಿಂಗಳುಗಳ ಹೆಸರುಗಳನ್ನು ನೋಡುತ್ತಿದ್ದೆ: ಚೈತ್, ಪಿಸಾಖ್, ಕೊನೆಯಲ್ಲೊಂದು ಕದೆಕ್. ಎಲ್ಲೋ ಕೇಳಿದ ದನಿ. ಚೈತ್ರ, ವೈಶಾಖ, ಕಾರ್ತಿಕ! ಅವರ ದೊಡ್ಡ ಜಲೋತ್ಸವ, ದೋಣಿಗಳ ಪಂದ್ಯದ ಹಬ್ಬ, ಕಾರ್ತಿಕದ ಹುಣ್ಣಿಮೆಗೆ. ಟೋನ್ಲೆ ಸಾಪ್ ಎಂಬ ಮಹಾಸರೋವರದ ಕಥೆಯನ್ನು ಕೇಳಿದರೆ ಆ ಹಬ್ಬದ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಮೆಕಾಂಗ್ ನದಿ ಉಕ್ಕಿ, ಸರೋವರದಿಂದ ಹೊರಗೆ ಹರಿಯಬೇಕಾದ ಹೊಳೆಯನ್ನು ಹಿಂದಕ್ಕೆ ತಳ್ಳುತ್ತದೆ. ಹೊಳೆ ತಿರುಗಿ ಸರೋವರದೊಳಕ್ಕೇ ಹರಿಯುತ್ತದೆ. ಬೇಸಗೆಯಲ್ಲಿ ಎರಡೂವರೆ ಮೂರು ಸಾವಿರ ಚದರ ಕಿಲೋಮೀಟರಿದ್ದ ನೀರು ಹತ್ತು ಸಾವಿರಕ್ಕೂ ಮೀರಿ ಹರಡುತ್ತದೆ. ಕಾಡೇ ಮುಳುಗಿ ಮೀನಿನ ತವರಾಗುತ್ತದೆ. ಮಳೆ ನಿಂತ ಮೇಲೆ ಹೊಳೆ ಮತ್ತೆ ದಿಕ್ಕು ಬದಲಿಸುತ್ತದೆ. ಜಲೋತ್ಸವ ಆ ಹೊರಳುವಿಕೆಯ ಹಬ್ಬ. ನಾನು ನೋಡಲೇಬೇಕೆಂದೆ. ಆಕೆ 2010ರಲ್ಲಿ ಅದೇ ಹಬ್ಬದಲ್ಲಿ, ರಾಜಧಾನಿಯ ಒಂದು ಸೇತುವೆಯ ಮೇಲೆ, ಕಾಲ್ತುಳಿತದಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಸತ್ತ ಸುದ್ದಿಯನ್ನು ನನ್ನ ಮುಂದಿಟ್ಟಳು. ನಮ್ಮ ಮೊಣಕಾಲುಗಳು ಜಾತ್ರೆಯ ಮೊಣಕಾಲುಗಳಲ್ಲ ಎಂದು ಒಪ್ಪಿಕೊಂಡೆ. ಸಂಕ್ರಾಂತಿಯ ಎಳ್ಳು ಬೀರಿದ ಮೇಲೆ ಹೊರಡುವುದೆಂದು ತೀರ್ಮಾನವಾಯಿತು.

ಪಂಚಾಂಗದ ಇನ್ನೊಂದು ಉಪಯೋಗವನ್ನೂ ಹೇಳಿಬಿಡುತ್ತೇನೆ. ಯಾವ ಪ್ರವಾಸಿ ಕೈಪಿಡಿಯೂ ಇದನ್ನು ಕನ್ನಡಿಗರಿಗೆ ಹೇಳಲಾರದು. ಅಂಗ್‌ಕೋರ್ ವಾಟಿನ ಮೂರನೆಯ ಅಂತಸ್ತಿಗೆ, ಮೇರುವಿನ ಶಿಖರಕ್ಕೆ, ಹತ್ತುವ ಮೆಟ್ಟಿಲುಗಳನ್ನು ಬೌದ್ಧರ ಪವಿತ್ರ ದಿನಗಳಂದು ಪ್ರವಾಸಿಗಳಿಗೆ ಮುಚ್ಚುತ್ತಾರೆ. ತಿಂಗಳಿಗೆ ನಾಲ್ಕು ಸಲ. ಆ ದಿನಗಳನ್ನು ಹುಡುಕಿ ಹುಡುಕಿ ನಾನು ಸೋತಿದ್ದೆ. ಆಮೇಲೆ ಹೊಳೆಯಿತು: ಅವು ಎರಡು ಅಷ್ಟಮಿ, ಒಂದು ಹುಣ್ಣಿಮೆ, ಒಂದು ಅಮಾವಾಸ್ಯೆ. ಗೋಡೆಯ ಮೊಳೆಗೆ ತೂಗುಹಾಕಿದ ಕ್ಯಾಲೆಂಡರ್ ನೋಡಿದರೆ ಸಾಕು. ಅವರ ಲೆಕ್ಕವೂ ನಮ್ಮ ಲೆಕ್ಕವೂ ಒಂದು ದಿನ ಆಚೀಚೆಯಾಗಬಹುದು. ಅಷ್ಟು ಎಚ್ಚರ ಸಾಕು. ಮೆಟ್ಟಿಲುಗಳು ಬಹಳ ಕಡಿದು. ಈಚೆಗೆ ಅವುಗಳ ಮೇಲೆ ಮರದ ಮೆಟ್ಟಿಲುಗಳನ್ನೂ ಕೈಪಿಡಿಯನ್ನೂ ಹಾಕಿದ್ದಾರೆ. ಆಕೆ ಹತ್ತುತ್ತಾಳೆ, ನಾನು ಕೆಳಗೆ ಕುಳಿತು ಅವಳ ಚೀಲ ಕಾಯುತ್ತೇನೆ ಎಂದು ಒಪ್ಪಂದವಾಗಿದೆ. ಹೆಗಲು, ಮೊಣಕಾಲು ಮುಚ್ಚುವ ಬಟ್ಟೆ ಕಡ್ಡಾಯ. ಸೀರೆ ಉಡುವವರಿಗೆ ಈ ನಿಯಮ ಹೊಸದಲ್ಲ.

ಎಷ್ಟು ದಿನ ಎಂಬುದು ಎರಡನೆಯ ಜಗಳ. ಪ್ರವಾಸ ಸಂಸ್ಥೆಗಳ ಕರಪತ್ರಗಳನ್ನು ತರಿಸಿ ನೋಡಿದೆವು. ಬ್ಯಾಂಕಾಕ್ ಮೂರು ರಾತ್ರಿ, ಅಂಗಡಿ ಬೀದಿ, ಹುಲಿಗಳ ಜೊತೆ ಚಿತ್ರ, ಅದಕ್ಕೆ ಒಗ್ಗರಣೆಯಂತೆ ಅಂಗ್‌ಕೋರ್ ಒಂದು ದಿನ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಒಂದೇ ಹಗಲಿನಲ್ಲಿ ಮುಗಿಸಿ ರಾತ್ರಿ ಊಟಕ್ಕೆ ಬೆಂಗಳೂರು ಸೇರುವ ನಮ್ಮ ಜನಕ್ಕೆ ಇದು ಹಿಡಿಸೀತು. ಆದರೆ ಅಂಗ್‌ಕೋರಿನ ಪ್ರವೇಶದ ಚೀಟಿಯ ಲೆಕ್ಕವೇ ಬೇರೆ ಪಾಠ ಹೇಳುತ್ತದೆ. 2017ರಲ್ಲಿ ನಿಗದಿ ಮಾಡಿದ ದರದಂತೆ ಒಂದು ದಿನಕ್ಕೆ 37 ಡಾಲರು; ಮೂರು ದಿನಕ್ಕೆ 62; ಏಳು ದಿನಕ್ಕೆ 72. ಮೂರಕ್ಕೂ ಏಳಕ್ಕೂ ಅಂತರ ಹತ್ತೇ ಡಾಲರು. ಅಲ್ಲದೆ ಏಳು ದಿನಗಳನ್ನು ಬಿಡಿಬಿಡಿಯಾಗಿ ಒಂದು ತಿಂಗಳೊಳಗೆ ಬಳಸಬಹುದು. ಚೀಟಿಯ ಮೇಲೆ ನಮ್ಮ ಮುಖದ ಚಿತ್ರವನ್ನು ಅಚ್ಚು ಹಾಕುತ್ತಾರೆ, ಒಬ್ಬರದನ್ನು ಮತ್ತೊಬ್ಬರಿಗೆ ದಾಟಿಸುವಂತಿಲ್ಲ. ಒಂದೊಂದು ಚೀಟಿಯಿಂದ ಎರಡು ಡಾಲರು ಅಲ್ಲಿಯ ಮಕ್ಕಳ ಧರ್ಮಾಸ್ಪತ್ರೆಗೆ ಹೋಗುತ್ತದೆಂದು ಗೊತ್ತಾದಾಗ ಆಕೆ ಆ ಮೊತ್ತವನ್ನು ಲೆಕ್ಕದ ಪುಸ್ತಕದಲ್ಲಿ ಬೇರೆ ಕಲಮಿನಲ್ಲಿ ಬರೆದಳು.

ಹಾಗಾಗಿ ಏಳು ದಿನದ ಚೀಟಿ. ಬೆಳಿಗ್ಗೆ ಆರರಿಂದ ಹತ್ತರವರೆಗೆ ನೋಡುವುದು, ಬಿಸಿಲೇರಿದಾಗ ಕೋಣೆಗೆ ಮರಳಿ ಮಲಗುವುದು, ಸಂಜೆ ಮನಸ್ಸಿದ್ದರೆ ಮತ್ತೆ ಹೋಗುವುದು. ಅಲ್ಲಿಯ ಮೂರು ಗಾಲಿಯ ಬಂಡಿಯವರು ಎರಡು ಸುತ್ತುಗಳನ್ನು ತೋರಿಸುತ್ತಾರಂತೆ, ಹದಿನೇಳು ಕಿಲೋಮೀಟರಿನ ಚಿಕ್ಕ ಸುತ್ತು, ಇಪ್ಪತ್ತಾರರ ದೊಡ್ಡ ಸುತ್ತು. ಫ್ರೆಂಚರ ಕಾಲದಿಂದ ನಡೆದು ಬಂದದ್ದು. ಸುತ್ತಿಗೆ ಸಿಕ್ಕಿಕೊಳ್ಳದೆ ದಿನಕ್ಕೊಂದೇ ಗುಡಿ ಎಂಬುದು ನಮ್ಮ ನಿಯಮ. ಬಾಂತೆಯ್ ಸ್ರೇಯ್ ಮಾತ್ರ ದೂರ. ಅದಕ್ಕೆ ಒಂದು ಪೂರ್ಣ ಬೆಳಗು. 967ರಲ್ಲಿ ಪ್ರತಿಷ್ಠೆಯಾದ ಆ ಪುಟ್ಟ ಶಿವಾಲಯವನ್ನು ಕಟ್ಟಿಸಿದವನು ಅರಸನಲ್ಲ, ಯಜ್ಞವರಾಹನೆಂಬ ವಿದ್ವಾಂಸ. ಗುಲಾಬಿ ಬಣ್ಣದ ಕಲ್ಲಿನಲ್ಲಿ ಕೈಲಾಸವನ್ನಲುಗಿಸುವ ರಾವಣ, ಖಾಂಡವವನದ ಮೇಲೆ ಸುರಿಯುವ ಇಂದ್ರನ ಮಳೆ. ಚಿತ್ರಗಳಲ್ಲಿ ನೋಡಿದರೆ ನಮ್ಮ ಹೊಯ್ಸಳರ ಕುಸುರಿ ನೆನಪಾಗುತ್ತದೆ. 1923ರಲ್ಲಿ ಆಂದ್ರೆ ಮಾಲ್ರೋ ಎಂಬ ಫ್ರೆಂಚ್ ತರುಣ ಈ ಗುಡಿಯ ದೇವತಾಶಿಲ್ಪಗಳನ್ನು ಗೋಡೆಯಿಂದ ಕೊರೆದು ಸಾಗಿಸಲು ಹೋಗಿ ಸಿಕ್ಕಿಬಿದ್ದ. ಆತನೇ ಮುಂದೆ ದೊಡ್ಡ ಕಾದಂಬರಿಕಾರನಾಗಿ, ಕಡೆಗೆ ಫ್ರಾನ್ಸಿನ ಸಂಸ್ಕೃತಿ ಮಂತ್ರಿಯೂ ಆದ! ಕದಿಯುವವರೆಲ್ಲ ಅನಕ್ಷರಸ್ಥರೆಂದು ತಿಳಿಯಬಾರದು.

ಅಂಗ್‌ಕೋರ್ ವಾಟಿನ ವಿಚಾರದಲ್ಲಿ ಬೆಳಕಿನ ಲೆಕ್ಕವನ್ನೂ ಹಾಕಿದ್ದೇವೆ. ಆ ದೇವಾಲಯದ ಮುಖ ಪಶ್ಚಿಮಕ್ಕೆ. ಸೂರ್ಯ ಹುಟ್ಟುವುದು ಅದರ ಬೆನ್ನಿನಲ್ಲಿ. ನಸುಕಿನಲ್ಲಿ ಜನಸಾಗರ ಕೊಳದ ದಡದಲ್ಲಿ ನಿಂತು ಗೋಪುರಗಳ ಕಪ್ಪು ಛಾಯೆಯನ್ನು ಚಿತ್ರ ತೆಗೆಯುತ್ತದೆಯಂತೆ. ಆ ಹೊತ್ತಿಗೆ ನಾವು ಹಿಂಬದಿಗೆ, ಪೂರ್ವದ ಮೊಗಸಾಲೆಗೆ ಹೋಗಬೇಕೆಂದಿದ್ದೇವೆ. ಎಳೆಬಿಸಿಲು ನೇರವಾಗಿ ಬೀಳುವುದು ಅಲ್ಲಿಯ ಸಮುದ್ರಮಥನದ ಮೇಲೆ. ಸುಮಾರು ಐವತ್ತು ಮೀಟರು ಉದ್ದದ ಒಂದೇ ಶಿಲ್ಪಫಲಕ. ವಾಸುಕಿಯನ್ನು ಹಿಡಿದೆಳೆಯುವ ದೇವದಾನವರ ಸಾಲು. ಪಶ್ಚಿಮದ ಮೊಗಸಾಲೆಯ ಒಂದು ಕಡೆ ಕುರುಕ್ಷೇತ್ರ, ಇನ್ನೊಂದು ಕಡೆ ಲಂಕೆಯ ಯುದ್ಧ. ಅವುಗಳಿಗೆ ಬೆಳಕು ಬರುವುದು ಮಧ್ಯಾಹ್ನದ ಮೇಲೆ. ದಕ್ಷಿಣದಲ್ಲಿ ಯಮ, ಚಿತ್ರಗುಪ್ತ, ಸ್ವರ್ಗ ನರಕಗಳ ವಿಚಾರಣೆ. ಅದಕ್ಕೆ ಯಾವ ಬೆಳಕಾದರೂ ಆದೀತು. ಬಾಯೋನ್ ದೇವಾಲಯದ ಹೊರಗೋಡೆಯಲ್ಲಿ ದೇವರುಗಳಿಗಿಂತ ಜನರೇ ಹೆಚ್ಚು: ಸಂತೆ, ಕೋಳಿಯಂಕ, ಅಡಿಗೆ, ಹೆರಿಗೆ. 1296ರಲ್ಲಿ ಅಲ್ಲಿಗೆ ಬಂದ ಚೀನೀ ರಾಯಭಾರಿ ಝೌ ದಾಗ್ವಾನ್ ಈ ನಾಡಿನಲ್ಲಿ ವ್ಯಾಪಾರವೆಲ್ಲ ಹೆಂಗಸರ ಕೈಯಲ್ಲಿದೆ ಎಂದು ಬರೆದಿಟ್ಟ. ಆ ಗೋಡೆಗೆ ಒಂದು ಇಡೀ ದಿನ ಬೇಕೆಂದು ಬೇಡಿಕೆ ಬಂದಿರುವುದು ಯಾರಿಂದ ಎಂದು ಹೇಳಬೇಕಾಗಿಲ್ಲ.

ದಾರಿಯ ವಿಚಾರವನ್ನು ಬೇಗ ಮುಗಿಸುತ್ತೇನೆ. ಮೊದಲು ಬ್ಯಾಂಕಾಕಿನಲ್ಲಿಳಿದು ನೆಲದ ಮೇಲೆಯೇ ಗಡಿ ದಾಟಿ ಹೋಗುವ ಆಸೆಯಿತ್ತು, ಖರ್ಚೂ ಕಡಿಮೆ. 2025ರ ಜೂನಿನಲ್ಲಿ ಥಾಯ್ಲೆಂಡ್ ಕಾಂಬೋಡಿಯಗಳ ನಡುವಿನ ಗಡಿದ್ವಾರಗಳು ಮುಚ್ಚಿದವು, ಜುಲೈಯಲ್ಲಿ ಐದು ದಿನ ಗುಂಡು ಹಾರಿತು, ಡಿಸೆಂಬರಿನಲ್ಲಿ ಮತ್ತೆ ಕಾಳಗ. ಆ ಸಾಲು ಲೆಕ್ಕದ ಪುಸ್ತಕದಲ್ಲಿ ಅಡ್ಡಗೆರೆ ಕಂಡಿತು. ಅದರೊಡನೆ ಪ್ರಿಯಾಹ್ ವಿಹಿಯರ್ ಎಂಬ ಗಡಿಯಂಚಿನ ಶಿಖರದ ಶಿವಾಲಯಕ್ಕೂ ಗೆರೆ ಬಿತ್ತು. ಅದು ಕಾಂಬೋಡಿಯದ್ದೆಂದು 1962ರಲ್ಲಿಯೇ ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿತ್ತು, ತಕರಾರು ಮಾತ್ರ ಮುಗಿದಿಲ್ಲ. ಇನ್ನು ಹಣ. ಅಲ್ಲಿಯ ರಿಯೆಲ್ ಜೊತೆಗೆ ಅಮೆರಿಕದ ಡಾಲರೂ ಬೀದಿಬೀದಿಯಲ್ಲಿ ನಡೆಯುತ್ತದೆ. ಒಂದು ಡಾಲರಿಗೆ ಸುಮಾರು ನಾಲ್ಕು ಸಾವಿರ ರಿಯೆಲ್. ಆದರೆ ಅಂಚು ಹರಿದ, ಮಡಿಕೆಯಲ್ಲಿ ಸವೆದ ಡಾಲರು ನೋಟನ್ನು ಸಂತೆಯ ಹೆಂಗಸೂ ಮುಟ್ಟುವುದಿಲ್ಲ. ನಮ್ಮಲ್ಲಿ ಬಸ್ಸಿನ ಕಂಡಕ್ಟರು ಹರಿದ ನೋಟನ್ನು ಜಾಣ್ಮೆಯಿಂದ ನಮಗೆ ದಾಟಿಸುತ್ತಾನೆ. ಅಲ್ಲಿ ಆ ವಿದ್ಯೆ ನಡೆಯದು. ಊಟದ್ದು ಇನ್ನೊಂದು ತೊಡಕು. ಅಲ್ಲಿಯ ಅಡಿಗೆಗೆ ಮೀನಿನ ರಸವೂ ಪ್ರಹೊಕ್ ಎಂಬ ಹುಳಿಯಿಸಿದ ಮೀನೂ ನಮ್ಮ ಇಂಗು ಹುಣಿಸೆಗಳಷ್ಟು ಸಹಜ. ತರಕಾರಿ ಪಲ್ಯವೆಂದು ಕೊಟ್ಟದ್ದರಲ್ಲಿಯೂ ಮೀನಿನ ರಸ ಇರಬಹುದು. ಅದು ಅವರ ತಪ್ಪಲ್ಲ. ಅವಲಕ್ಕಿ, ಚಟ್ನಿಪುಡಿ, ಹುರಿಹಿಟ್ಟು ಪೆಟ್ಟಿಗೆಯ ಕಾಲು ಭಾಗವನ್ನು ಆಗಲೇ ಆಕ್ರಮಿಸಿವೆ, ಕಾಗದದ ಮೇಲೆ.

ಇಷ್ಟಾದ ಮೇಲೆ ಒಂದು ಮನೋಭಾವದ ಪ್ರಶ್ನೆಯಿದೆ. ಅದನ್ನು ಹೇಳದೆ ಹೋದರೆ ನನ್ನ ಸಿದ್ಧತೆ ಅರ್ಧವಾದೀತು. ನನ್ನ ಗೆಳೆಯರೊಬ್ಬರು ಹೋಗಿ ಬಂದವರು ಎದೆಯುಬ್ಬಿಸಿ ಹೇಳಿದರು: “ನೋಡಿ ಸ್ವಾಮಿ, ಎಲ್ಲ ನಮ್ಮದೇ! ನಮ್ಮವರೇ ಹೋಗಿ ಕಟ್ಟಿದ್ದು!” ನಾನೂ ಒಂದು ಗಳಿಗೆ ಉಬ್ಬಿದೆ. ಆಮೇಲೆ ಯೋಚಿಸಿದೆ. ಬೇಲೂರಿನಲ್ಲಿ ವಿಷ್ಣುವರ್ಧನ 1117ರಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠೆ ಮಾಡಿದ. ಅದಕ್ಕೆ ನಾಲ್ಕು ವರ್ಷ ಮೊದಲು ಪಟ್ಟವೇರಿದ್ದ ಎರಡನೆಯ ಸೂರ್ಯವರ್ಮ ಅದೇ ಕಾಲದಲ್ಲಿ ಅದೇ ವಿಷ್ಣುವಿಗೆ ಅಂಗ್‌ಕೋರ್ ವಾಟನ್ನು ಕಟ್ಟಿಸತೊಡಗಿದ. ಅದರ ಸುತ್ತಲಿನ ಕಂದಕದ ಅಗಲವೇ ನೂರ ತೊಂಬತ್ತು ಮೀಟರು. ನಮ್ಮ ಬೇಲೂರಿನ ದೇವಾಲಯವನ್ನು ಪ್ರಾಕಾರ ಸಹಿತ ಮೂಲೆಯೊಂದರಲ್ಲಿ ಇಟ್ಟರೆ ಹುಡುಕಬೇಕಾದೀತು. ಕಟ್ಟಿಸಿದವನು ಖ್ಮೇರ್ ಅರಸ, ಕಡೆದವರು ಖ್ಮೇರ್ ಶಿಲ್ಪಿಗಳು, ಕಲ್ಲು ಹೊತ್ತವರು ಖ್ಮೇರ್ ರೈತರು. ನಮ್ಮಿಂದ ಹೋದದ್ದು ಕಥೆಗಳು, ದೇವರುಗಳು, ಸಂಸ್ಕೃತ ಭಾಷೆ, ಲಿಪಿ. ಅಂಗ್‌ಕೋರ್ ಎಂಬ ಮಾತೇ ನಗರ ಎಂಬುದರ ತದ್ಭವ. ಸಾಲ ಕೊಟ್ಟ ಬಿತ್ತನೆಯ ಬೀಜದ ನೆಪದಲ್ಲಿ ನೆರೆಯವನ ಹೊಲದ ಬೆಳೆಯೆಲ್ಲ ನನ್ನದೆನ್ನಲು ಬಂದೀತೇ? ಪಂಪನ ಭಾರತವನ್ನು ಯಾರಾದರೂ ಬಂದು ಇದು ವ್ಯಾಸರ ಊರಿನವರದು ಎಂದರೆ ನಮಗೆ ಹೇಗನ್ನಿಸೀತು?

ಭಾರತಕ್ಕೂ ಆ ನಾಡಿಗೂ ಈಚಿನ ನಂಟೂ ಒಂದಿದೆ. ಅದನ್ನು ನೆನೆಯುವುದು ಹೆಚ್ಚು ಮರ್ಯಾದೆಯದು. 1986ರಿಂದ 1993ರವರೆಗೆ, ಯುದ್ಧದ ಹೊಗೆ ಇನ್ನೂ ಆರದಿದ್ದಾಗ, ನಮ್ಮ ಪುರಾತತ್ತ್ವ ಇಲಾಖೆಯವರು ಹೋಗಿ ಅಂಗ್‌ಕೋರ್ ವಾಟಿನಲ್ಲಿ ಕೆಲಸ ಮಾಡಿದರು. ಕಲ್ಲನ್ನು ರಾಸಾಯನಿಕಗಳಿಂದ ತೊಳೆದ ಕ್ರಮಕ್ಕೆ ಆಗ ಟೀಕೆಯೂ ಬಂತು. ಹೊಗಳಿಕೆ ಟೀಕೆ ಎರಡನ್ನೂ ಹೊತ್ತುಕೊಂಡೇ ಮುಂದೆ ಮರದ ಬೇರುಗಳು ಗೋಡೆಗಳನ್ನಪ್ಪಿಕೊಂಡಿರುವ ತಾ ಪ್ರೋಮ್ ದೇವಾಲಯದ ಜೀರ್ಣೋದ್ಧಾರಕ್ಕೂ ಕೈ ಹಾಕಿದರು.

ಈಗ ನಮ್ಮ ಮನೆಯಲ್ಲಿ ಒಂದು ವಾರ ಮಾತು ನಿಲ್ಲಿಸಿದ ವಿಷಯಕ್ಕೆ ಬರುತ್ತೇನೆ. ದುರ್ಯೋಧನ ಇರುವುದು ರಾಜಧಾನಿ ಫ್ನಾಮ್ ಪೆನ್‌ನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ. ಅಲ್ಲಿಂದ ಕೆಲವೇ ಕಿಲೋಮೀಟರು ದೂರದಲ್ಲಿ ತುವೊಲ್ ಸ್ಲೆಂಗ್ ಇದೆ. ಅದು ಮೂಲತಃ ಒಂದು ಪ್ರೌಢಶಾಲೆ. 1975ರ ಏಪ್ರಿಲ್ 17ರಂದು ಖ್ಮೇರ್ ರೂಜ್ ಪಡೆ ರಾಜಧಾನಿಯನ್ನು ಹಿಡಿದು ಇಡೀ ನಗರದ ಜನರನ್ನು ಹಳ್ಳಿಗಳಿಗೆ ಅಟ್ಟಿತು. 1979ರ ಜನವರಿ 7ರವರೆಗೆ ನಡೆದ ಪೋಲ್ ಪಾಟನ ಆಳ್ವಿಕೆಯಲ್ಲಿ ಹಸಿವು, ದುಡಿತ, ರೋಗ, ಕೊಲೆಗಳಿಂದ ಸುಮಾರು ಹದಿನೇಳು ಲಕ್ಷ ಜನ ಸತ್ತರು. ನಾಡಿನ ಒಟ್ಟು ಜನಸಂಖ್ಯೆಯೇ ಎಂಬತ್ತು ಲಕ್ಷದ ಹತ್ತಿರ. ಓದಿದವರು, ಉಪಾಧ್ಯಾಯರು, ಕನ್ನಡಕ ಹಾಕಿದವರು ಕೂಡ ಸಂಶಯಕ್ಕೆ ಗುರಿಯಾದರು. ಆ ಶಾಲೆಯನ್ನು ಸೆರೆಮನೆ ಮಾಡಿದರು. ತರಗತಿಗಳಿಗೆ ಇಟ್ಟಿಗೆಯ ಅಡ್ಡಗೋಡೆ ಕಟ್ಟಿ ಗೂಡುಗಳನ್ನಾಗಿಸಿದರು. ಒಳಗೆ ಹೋದ ಹತ್ತು ಸಾವಿರಕ್ಕೂ ಮೀರಿದ ಜನರಲ್ಲಿ ಬದುಕಿ ಹೊರಬಂದವರನ್ನು ಬೆರಳಲ್ಲಿ ಎಣಿಸಬಹುದು. ಬಂದ ಕೂಡಲೇ ಒಬ್ಬೊಬ್ಬರದೂ ಚಿತ್ರ ತೆಗೆಯುತ್ತಿದ್ದರು. ಆ ಮುಖಗಳು ಈಗ ಸಾಲಾಗಿ ಗೋಡೆಯ ಮೇಲಿವೆ. 2025ರ ಜುಲೈಯಲ್ಲಿ ಯುನೆಸ್ಕೊ ಇದನ್ನೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ನಾನು ಇದನ್ನು ಬಿಡಬೇಕೆಂದೆ. ನನ್ನ ವಾದ ಸುಳ್ಳಿನದಾಗಿರಲಿಲ್ಲ. ಸಾಯಲಿರುವ ಮನುಷ್ಯನ ಮುಖದೆದುರು, ನೀರಿನ ಸೀಸೆ ಹಿಡಿದು, ಟೋಪಿ ಹಾಕಿಕೊಂಡು ನಿಂತು ನೋಡುವುದು ಅಸಭ್ಯವಲ್ಲವೇ? ಬೆಳಿಗ್ಗೆ ಸೆರೆಮನೆ, ಮಧ್ಯಾಹ್ನ ರೇಷ್ಮೆ ಅಂಗಡಿ ಎಂದು ಕರಪತ್ರಗಳು ಬರೆಯುತ್ತವೆ. ಅನಾಥಾಲಯಗಳನ್ನೂ ನೋಡುವ ಪಟ್ಟಿಗೆ ಸೇರಿಸುತ್ತಿದ್ದುದುಂಟು. ದಯವಿಟ್ಟು ಮಕ್ಕಳನ್ನು ನೋಡಲು ಬರಬೇಡಿ ಎಂದು ಅಲ್ಲಿಯ ಮಕ್ಕಳ ಹಿತಚಿಂತಕರೇ ಪ್ರವಾಸಿಗಳನ್ನು ಕೇಳಿಕೊಂಡಿದ್ದಾರೆ. ಪರರ ನೋವು ನಮ್ಮ ರಜೆಯ ಒಂದು ಬಾಬತ್ತಾಗಬಾರದು. ನಾವು ಹೋಗುತ್ತಿರುವುದು ಸಂತೋಷಕ್ಕೆ. ಸಂತೋಷಕ್ಕೆ ಹೋಗುವವರು ಅದನ್ನು ಒಪ್ಪಿಕೊಂಡು ಹೋಗುವುದೇ ಪ್ರಾಮಾಣಿಕತೆ. ಹೀಗೆ ಸಾಕಷ್ಟು ಹೊತ್ತು ಉಪನ್ಯಾಸ ಮಾಡಿದೆ.

ಆಕೆ ಬಟಾಣಿ ಬಿಡಿಸುತ್ತ ಕೇಳುತ್ತಿದ್ದಳು. ಕೊನೆಗೆ ಹೇಳಿದಳು: “ಅಲ್ಲಾ ರೀ, ಗದಾಯುದ್ಧ ಆದಮೇಲೆ ಸ್ತ್ರೀಪರ್ವ ಬರುತ್ತೆ, ಅಲ್ಲವೇ? ಮೂವತ್ತು ವರ್ಷ ನೀವು ಪಾಠವನ್ನು ಗದಾಯುದ್ಧಕ್ಕೇ ನಿಲ್ಲಿಸಿಬಿಟ್ಟಿರಿ.”

ಮೇಷ್ಟರ ಬುದ್ಧಿ ಎಲ್ಲಿ ಹೋದೀತು? ನಡುವೆ ಸೌಪ್ತಿಕಪರ್ವ ಇದೆ ಎಂದು ತಿದ್ದಲು ಬಾಯಿ ತೆರೆದೆ. ಸೌಪ್ತಿಕವೆಂದರೆ ಮಲಗಿದ್ದವರನ್ನು ಇರುಳಿನಲ್ಲಿ ಕೊಂದ ಕಥೆ. ನಾಲಗೆ ಅಲ್ಲಿಯೇ ನಿಂತಿತು.

ಆ ಮೇಲೆ ಅವಳು ಇನ್ನೊಂದು ಮಾತನ್ನು ತಂದಳು. ಅದೂ ಪಂಚಾಂಗದಿಂದಲೇ. ಭಾದ್ರಪದ ಬಹುಳದಲ್ಲಿ, ನಮ್ಮ ಪಿತೃಪಕ್ಷದ ಅದೇ ಹದಿನೈದು ದಿನ, ಕಾಂಬೋಡಿಯದವರು ಪ್ಚುಮ್ ಬೆನ್ ಆಚರಿಸುತ್ತಾರೆ. ಬೆನ್ ಎಂದರೆ ಪಿಂಡ. ಇನ್ನೂ ಕತ್ತಲಿರುವಾಗಲೇ ವಿಹಾರದ ಸುತ್ತ ಅನ್ನದ ಉಂಡೆಗಳನ್ನು ಹಿಡಿದು ಪ್ರದಕ್ಷಿಣೆ ಬಂದು ಹಸಿದ ಪಿತೃಗಳಿಗೆ ಹಾಕುತ್ತಾರೆ. ನಮ್ಮಲ್ಲಿ ಸತ್ತ ತಿಥಿ ಗೊತ್ತಿಲ್ಲದವರಿಗೆಲ್ಲ ಸೇರಿಸಿ ಮಹಾಲಯ ಅಮಾವಾಸ್ಯೆಯ ದಿನ ಎಡೆಯಿಡುತ್ತೇವೆ. ಆಕೆಯ ದೊಡ್ಡಪ್ಪನೊಬ್ಬ ಯಾತ್ರೆಗೆಂದು ಹೋದವನು ಮರಳಲಿಲ್ಲ. ಅವನಿಗೆ ಆ ದಿನವೇ ಎಡೆ. “ನಮ್ಮಲ್ಲಿ ಮನೆಗೊಬ್ಬರು ಇದ್ದರೆ ಹೆಚ್ಚು,” ಎಂದಳು. “ಅಲ್ಲಿ ತಿಥಿ ಗೊತ್ತಿಲ್ಲದವರೇ ಮನೆ ತುಂಬ. ಕಲ್ಲಿನ ದುರ್ಯೋಧನನ ಮುರಿದ ಪಾದಕ್ಕೆ ಅಷ್ಟು ಮರುಗುತ್ತೀರಿ. ಅದು ಶಾಲೆ ಕಣ್ರೀ. ನಾನು ಮೂವತ್ತೆರಡು ವರ್ಷ ಅಂ­ಥ ಕೋಣೆಗಳಲ್ಲಿ ನಿಂತಿದ್ದೇನೆ. ನಾನು ನೋಡಬೇಕು. ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ ಬೇಕಾದರೆ.”

ನನ್ನ ವಾದವನ್ನು ನಾನು ಪೂರ್ತಿ ಬಿಟ್ಟುಕೊಟ್ಟಿಲ್ಲ. ಸೀಸೆ, ಟೋಪಿ, ಚಿತ್ರ ತೆಗೆಯುವುದು ಯಾವುದೂ ಇಲ್ಲ. ಅದೇ ದಿನ ಬೇರೇನನ್ನೂ ನೋಡುವುದಿಲ್ಲ ಎಂಬ ಷರತ್ತುಗಳನ್ನು ಹಾಕಿದ್ದೇನೆ. ಆಕೆ ಒಪ್ಪಿದ್ದಾಳೆ. ಕ್ರಮವನ್ನು ಮಾತ್ರ ಬದಲಿಸಿದಳು. ನಾನು ಹಾಕಿದ್ದ ಪಟ್ಟಿಯಲ್ಲಿ ಸಿಯೆಮ್ ರೀಪ್ ಮೊದಲು, ರಾಜಧಾನಿ ಕಡೆಯಲ್ಲಿ ಇತ್ತು. ಈಗ ಫ್ನಾಮ್ ಪೆನ್ ಮೊದಲು, ಅಲ್ಲಿಂದ ಮುನ್ನೂರು ಕಿಲೋಮೀಟರಿಗೂ ಹೆಚ್ಚು ಬಸ್ಸಿನಲ್ಲಿ ಗದ್ದೆಗಳ ನಡುವೆ ಐದಾರು ಗಂಟೆಯ ಪ್ರಯಾಣ, ಆಮೇಲೆ ದೇವಾಲಯಗಳು. ಹೀಗೆ ಏಕೆಂದು ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕೊಹ್ ಕೆರ್‌ಗೆ, ಪಾದಗಳು ಉಳಿದಿದ್ದ ಆ ಜಾಗಕ್ಕೆ, ಹೋಗಬೇಕೆಂಬುದೊಂದು ಬಾಕಿ ಇದೆ. ಅಂಗ್‌ಕೋರಿನಿಂದ ಒಂದು ದಿನದ ದಾರಿ, ಹೋಗಿ ಬರುವುದಕ್ಕೆ. ಅಲ್ಲಿ ಸವೆದ ಕಾಲುದಾರಿ ಬಿಟ್ಟು ಪೊದೆಯೊಳಕ್ಕೆ ಕಾಲಿಡಬಾರದೆಂದು ಎಲ್ಲರೂ ಎಚ್ಚರಿಸುತ್ತಾರೆ. ಯುದ್ಧಕಾಲದಲ್ಲಿ ಹೂತಿಟ್ಟ ಸಿಡಿಗುಂಡುಗಳನ್ನು ಆ ದೇಶದಲ್ಲಿ ಇನ್ನೂ ತೆಗೆಯುತ್ತಲೇ ಇದ್ದಾರೆ. ಈ ಕೆಲಸಕ್ಕೆ ಆಫ್ರಿಕದ ದೊಡ್ಡ ಇಲಿಗಳಿಗೆ ವಾಸನೆ ಹಿಡಿಯಲು ಕಲಿಸಿದ್ದಾರೆ. ಮಗಾವಾ ಎಂಬ ಇಲಿಗೆ 2020ರಲ್ಲಿ ಬ್ರಿಟನ್ನಿನ ಪ್ರಾಣಿದಯಾ ಸಂಸ್ಥೆಯೊಂದು ಚಿನ್ನದ ಪದಕವನ್ನೇ ಕೊಟ್ಟಿತು. ಗಣಪತಿಯ ವಾಹನಕ್ಕೆ ಇದಕ್ಕಿಂತ ದೊಡ್ಡ ಬಿರುದು ಸಿಕ್ಕಿದ್ದನ್ನು ನಾನು ಕೇಳಿಲ್ಲ.

ಲೆಕ್ಕದ ಪುಸ್ತಕದಲ್ಲಿ ಈಗ ಹನ್ನೆರಡು ದಿನಗಳಿಗೆ ಹನ್ನೆರಡು ಗೆರೆ. ಮೊದಲನೆಯ ದಿನ ವಿಶ್ರಾಂತಿ. ಎರಡನೆಯ ದಿನದ ಮುಂದೆ ಆಕೆ ‘ಸೆರೆಮನೆ’ ಎಂದು ಬರೆದಿಲ್ಲ, ‘ಶಾಲೆ’ ಎಂದು ಬರೆದಿದ್ದಾಳೆ. ಮೂರನೆಯ ದಿನದ ಮುಂದೆ ನನ್ನ ಸೊಟ್ಟ ಅಕ್ಷರದಲ್ಲಿ ‘ದುರ್ಯೋಧನ’ ಎಂದಿದೆ. ಬಾಯೋನ್ ಗೋಡೆಯ ದಿನ ಕೃಷ್ಣಪಕ್ಷದ ಅಷ್ಟಮಿಗೆ ಬಂದಿದೆ, ಅದು ನಡೆದೀತು. ಮೇರು ಹತ್ತುವುದು ನವಮಿಗೆ. ಬ್ಯಾಂಕಿನಲ್ಲಿ ಹೊಸ ಡಾಲರು ನೋಟುಗಳಿಗೆ ಸೋಮವಾರ ಬರಹೇಳಿದ್ದಾರೆ. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ ತೆಗೆದುಕೊಳ್ಳಬೇಕೆಂದು ನನಗೆ ಅಪ್ಪಣೆಯಾಗಿದೆ.